ನೊರೆ ಬಂದದ್ದೆಲ್ಲ ವೇಗವರ್ಧಕವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ‘ವೇಗವರ್ಧಕವನ್ನು ನೀವೇ ಪತ್ತೆ ಹಚ್ಚಿ’ ಎಂಬ ಪ್ರಯೋಗ ಬಂದಿತ್ತು. ವೇಗವರ್ಧಕವೆಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಪ್ರನಾಳಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ, ಕೊಟ್ಟಿರುವ ಪುಡಿಗಳನ್ನು ಒಂದೊಂದು ಚಿಟಿಕೆ ಉದುರಿಸಿ, ಯಾವುದು ನೊರೆ ಎಬ್ಬಿಸುತ್ತದೋ ಅದರ ಮುಂದೆ ‘ವೇಗವರ್ಧಕ’ ಎಂದು ಬರೆಯಿರಿ. ಪ್ರಯೋಗ ಇಷ್ಟೇ. ಓದಿ ಸುಮ್ಮನಿರಲು ಆಗಲಿಲ್ಲ.

ನಾನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಪಾಠ ಮಾಡಿದವಳಲ್ಲ. ದ್ರಾವಣ ಕಲಸಿ, ಬಾಟಲಿಗೆ ಚೀಟಿ ಅಂಟಿಸಿ, ತರಗತಿ ಮುಗಿದ ಮೇಲೆ ಗಾಜು ತೊಳೆದವಳು. ತೊಳೆಯುವವರಿಗೆ ಒಂದು ಅನುಕೂಲವಿದೆ. ಪ್ರನಾಳದ ತಳದಲ್ಲಿ ಏನು ಉಳಿಯಿತು, ಏನು ಮಾಯವಾಯಿತು ಎನ್ನುವುದು ಅವರ ಕಣ್ಣಿಗೆ ಬಿದ್ದಷ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ವೇಗವರ್ಧಕ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ. ನಿಮ್ಮ ಪುಟದ ಪ್ರಯೋಗ ಮಕ್ಕಳನ್ನು ಅಲ್ಲಿಯವರೆಗೆ ಕರೆದೊಯ್ಯುವುದಿಲ್ಲ. ನೊರೆ ಕಂಡಲ್ಲಿಗೆ ಬಿಟ್ಟು ಹೊರಟುಬಿಡುತ್ತದೆ.

ಪೆರಾಕ್ಸೈಡನ್ನು ಆರಿಸಿಕೊಂಡದ್ದರ ಬಗ್ಗೆ ನನ್ನ ತಕರಾರಿಲ್ಲ. ಶಾಲೆಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ತೆನಾರ್ ಅದನ್ನು 1818ರಲ್ಲಿ ಕಂಡುಹಿಡಿದಾಗಲೇ ಕೆಲವು ಲೋಹಗಳೂ ಆಕ್ಸೈಡುಗಳೂ ಸುಮ್ಮನೆ ಮುಟ್ಟಿದರೆ ಸಾಕು, ಅದು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ ಎಂದು ಗಮನಿಸಿದ್ದ. ಇಂಥ ಚದುರಿದ ಸಂಗತಿಗಳನ್ನು ಒಟ್ಟುಗೂಡಿಸಿ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅವಕ್ಕೊಂದು ಹೆಸರು ಕೊಟ್ಟ: ವೇಗವರ್ಧನೆ (ಕೆಟಾಲಿಸಿಸ್). ಜರ್ಮನಿಯ ರಸಾಯನಶಾಸ್ತ್ರಜ್ಞ ಆಸ್ಟ್‌ವಾಲ್ಡ್ ಆಮೇಲೆ ಬಂದು, ವೇಗವರ್ಧಕ ಬದಲಿಸುವುದು ಕ್ರಿಯೆಯ ವೇಗವನ್ನು, ಅದು ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನಲ್ಲ ಎಂದು ಖಚಿತಪಡಿಸಿದ. ಅವನಿಗೆ 1909ರ ನೊಬೆಲ್ ಬಂದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಈ ಕೊನೆಯ ಮಾತನ್ನು ಹಿಡಿದುಕೊಂಡರೆ ಪ್ರಯೋಗ ಹೇಗಿರಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ: ವೇಗ ಹೆಚ್ಚಬೇಕು, ಫಲಿತಾಂಶ ಬದಲಾಗಬಾರದು, ಹಾಕಿದ ಪುಡಿ ಹಾಕಿದ ಹಾಗೆಯೇ ಕೈಗೆ ಸಿಗಬೇಕು. ನೊರೆ ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಸಾಕ್ಷಿ, ಅದೂ ಅರೆಬರೆ.

ಅರೆಬರೆ ಏಕೆಂದರೆ ಗುಳ್ಳೆ ಬರಲು ಬೇರೆ ಕಾರಣಗಳೂ ಇವೆ. ದ್ರವದಲ್ಲಿ ಮೊದಲೇ ಕರಗಿರುವ ಅನಿಲ ಒರಟು ಪುಡಿಯ ಮೈಮೇಲೆ ಗುಳ್ಳೆಯಾಗಿ ಕೂತು ಮೇಲೇಳುತ್ತದೆ. ಸೋಡಾ ನೀರಿಗೆ ಮರಳು ಹಾಕಿದರೂ ಬುಸುಗುಟ್ಟುತ್ತದೆ, ಅಲ್ಲಿ ಯಾವ ವೇಗವರ್ಧನೆಯೂ ನಡೆದಿರುವುದಿಲ್ಲ. ಆದ್ದರಿಂದ ಒಂದು ಪ್ರನಾಳದಲ್ಲಿ ಬರೀ ಪೆರಾಕ್ಸೈಡ್, ಇನ್ನೊಂದರಲ್ಲಿ ಪೆರಾಕ್ಸೈಡ್ ಜೊತೆಗೆ ಶುದ್ಧ ಮರಳು, ಮತ್ತೊಂದರಲ್ಲಿ ಬರೀ ನೀರು ಮತ್ತು ಪರೀಕ್ಷಿಸಬೇಕಾದ ಪುಡಿ ಇರಲೇಬೇಕು. ನಿಮ್ಮ ಪುಟದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಮರಳೆಂದರೆ ಅಂಗಳದಿಂದ ಎತ್ತಿ ತಂದದ್ದಲ್ಲ. ಅದರಲ್ಲಿ ಕಬ್ಬಿಣದ, ಮ್ಯಾಂಗನೀಸಿನ ಅಂಶವಿದ್ದರೆ ಅದೇ ನೊರೆ ಎಬ್ಬಿಸಿ ನಮ್ಮನ್ನು ಏಮಾರಿಸುತ್ತದೆ. ಸಾರರಿಕ್ತ, ಅಂದರೆ ನೀರು ಬೆರೆಸಿ ತೆಳುವಾಗಿಸಿದ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಆಮ್ಲದ ಸುಳಿವೇ ಇಲ್ಲದಂತೆ ತೊಳೆದು, ಒಣಗಿಸಿ ಬಳಸಬೇಕು. ಬಂದ ಅನಿಲ ಆಕ್ಸಿಜನ್ನೇ ಎಂದು ನೋಡುವುದಂತೂ ಬಲು ಸುಲಭ: ಕೆಂಡವಾಗಿರುವ ಕಡ್ಡಿ ಮತ್ತೆ ಹೊತ್ತಿಕೊಳ್ಳಬೇಕು. ಬೈಕಾರ್ಬೊನೇಟ್ ಪುಡಿಗೆ ಆಮ್ಲ ತಗಲಿ ನೊರೆ ಬಂದಿದ್ದರೆ ಕಡ್ಡಿ ಆರಿಹೋಗುತ್ತದೆ.

ಇನ್ನು ಶಾಖದ ವಿಷಯ. ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೆರಾಕ್ಸೈಡ್ ಒಡೆಯುವಾಗ ಶಾಖ ಬಿಡುತ್ತದೆ, ಒಂದು ಮೋಲಿಗೆ (ಅಂದರೆ ಸುಮಾರು 34 ಗ್ರಾಂ ಪೆರಾಕ್ಸೈಡಿಗೆ) 95 ಕಿಲೋಜೂಲ್ ಆಸುಪಾಸು. ನೀವು ಹೇಳಿದ 3 ಶೇಕಡಾ ದ್ರಾವಣವೇ ಇರಲಿ; ಅದರ 10 ಮಿಲಿಲೀಟರ್ ಪೂರ್ತಿ ಒಡೆದು, ಆ ಶಾಖವೆಲ್ಲ ಅದರಲ್ಲೇ ಉಳಿದರೆ ಉಷ್ಣತೆ ಸುಮಾರು 20 ಡಿಗ್ರಿ ಏರುತ್ತದೆ. ಬಿಸಿಯಾದ ದ್ರಾವಣ ಇನ್ನಷ್ಟು ಬೇಗ ಒಡೆಯುತ್ತದೆ. ಆಗ ನಾವು ಅಳೆಯುತ್ತಿರುವುದು ಪುಡಿಯ ಕೈಚಳಕವನ್ನೋ, ಶಾಖದ್ದನ್ನೋ? 3 ಶೇಕಡಾ ದ್ರಾವಣದ ಒಂದು ಪಾಲಿಗೆ ಎರಡು ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ 1 ಶೇಕಡಾ ಮಾಡಿಕೊಂಡು, ಫ್ಲಾಸ್ಕನ್ನು ನೀರಿನ ದೊಡ್ಡ ಪಾತ್ರೆಯಲ್ಲಿ ನಿಲ್ಲಿಸಿದರೆ ಈ ಗೋಜಲು ಬಹುಮಟ್ಟಿಗೆ ತಪ್ಪುತ್ತದೆ. ಎಲ್ಲ ಫ್ಲಾಸ್ಕುಗಳಿಗೂ ಒಂದೇ ಬಾಟಲಿಯ ಪೆರಾಕ್ಸೈಡ್ ಬಳಸಬೇಕು. ತಯಾರಕರು ಅದು ತಾನಾಗಿ ಒಡೆಯದಿರಲೆಂದು ಏನಾದರೊಂದು ಬೆರೆಸಿರುತ್ತಾರೆ. ಬಾಟಲಿಯಿಂದ ಬಾಟಲಿಗೆ ಅದು ಒಂದೇ ತೆರನಾಗಿರುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನೊರೆಯ ಎತ್ತರ ನೋಡುವುದನ್ನು ಬಿಟ್ಟು ಅನಿಲವನ್ನು ಅಳೆಯಿರಿ. ಫ್ಲಾಸ್ಕಿನಿಂದ ಕೊಳವೆ ಹೊರಟು, ನೀರಿನಲ್ಲಿ ಬೋರಲು ಹಾಕಿದ ಅಳತೆ ಜಾಡಿಗೆ ಸೇರಲಿ. ಪುಡಿಯನ್ನು ಚಿಕ್ಕ ಗಾಜಿನ ಕುಪ್ಪಿಯಲ್ಲಿ ಹಾಕಿ ಫ್ಲಾಸ್ಕಿನೊಳಗೆ ನೆಟ್ಟಗೆ ನಿಲ್ಲಿಸಿ, ಬಿರಡೆ ಬಿಗಿದ ಮೇಲೆಯೇ ಫ್ಲಾಸ್ಕನ್ನು ಓರೆ ಮಾಡಿ ಕುಪ್ಪಿ ಉರುಳಿಸಬೇಕು. ಪುಡಿ ಹಾಕಿ ಆಮೇಲೆ ಬಿರಡೆ ಹುಡುಕುತ್ತ ಕೂತರೆ ಮೊದಲ ಅನಿಲ ಕೈತಪ್ಪಿ ಹೋಗುತ್ತದೆ. ಅರ್ಧರ್ಧ ನಿಮಿಷಕ್ಕೊಮ್ಮೆ ಜಾಡಿಯ ಅಂಕಿ ಬರೆದುಕೊಂಡು ನಕ್ಷೆ ಎಳೆಯಿರಿ.

1 ಶೇಕಡಾ ದ್ರಾವಣದ 10 ಮಿಲಿಲೀಟರಿನಲ್ಲಿ 0.1 ಗ್ರಾಂ ಪೆರಾಕ್ಸೈಡ್ ಇರುತ್ತದೆ. ಅದು ಪೂರ್ತಿ ಒಡೆದರೆ 25 ಡಿಗ್ರಿ ಉಷ್ಣತೆಯಲ್ಲಿ ಸಿಗುವ ಆಕ್ಸಿಜನ್ ಸುಮಾರು 36 ಮಿಲಿಲೀಟರ್. ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಪ್ಪು ಪುಡಿಯನ್ನು 0.1 ಗ್ರಾಂ ಹಾಕಿ ನೋಡಿ, 0.2 ಗ್ರಾಂ ಹಾಕಿ ನೋಡಿ. ಎರಡನೆಯ ಗೆರೆ ಹೆಚ್ಚು ಕಡಿದಾಗಿ ಏರುತ್ತದೆ, ಆದರೆ ಎರಡೂ ಬಂದು ನಿಲ್ಲುವುದು ಅದೇ 36ರ ಸುತ್ತಮುತ್ತ. ಪುಡಿ ಹೆಚ್ಚಿಸಿದರೆ ಸಮಯ ಉಳಿಯಿತೇ ಹೊರತು ಅನಿಲ ಹೆಚ್ಚಲಿಲ್ಲ. ಆಸ್ಟ್‌ವಾಲ್ಡ್ ಹೇಳಿದ್ದು ಹೀಗೆ ನಕ್ಷೆಯ ಹಾಳೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಅದೇ ಪೆರಾಕ್ಸೈಡಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಾಕಿ. ನೊರೆಯ ಅಬ್ಬರ ನೋಡಿದರೆ ನಿಮ್ಮ ಪುಟದ ಪ್ರಕಾರ ಇದಕ್ಕೇ ಮೊದಲ ಬಹುಮಾನ. ಆದರೆ ನೇರಳೆ ಬಣ್ಣ ಹೋಗಿ ಕಂದು ಗಸಿ ಕೂರುತ್ತದೆ. ಆ ಗಸಿ ಬೇರೇನೂ ಅಲ್ಲ, ಮ್ಯಾಂಗನೀಸ್ ಡೈಆಕ್ಸೈಡೇ. ಪರ್ಮ್ಯಾಂಗನೇಟ್ ಇಲ್ಲಿ ತಾನೇ ಕ್ರಿಯೆಗೆ ಬಲಿಯಾಗಿ, ಹುಟ್ಟಿಸಿದ ಗಸಿಯ ಕೈಗೆ ಕೆಲಸ ಒಪ್ಪಿಸಿ ಹೋಯಿತು. ಅನಿಲದ ಲೆಕ್ಕವೂ ಇದನ್ನೇ ಹೇಳುತ್ತದೆ. ಪೆರಾಕ್ಸೈಡ್ ತಾನಾಗಿ ಒಡೆದಾಗ ಎರಡು ಅಣುವಿಗೆ ಒಂದು ಆಕ್ಸಿಜನ್ ಅಣು ಬರುತ್ತದೆ; ಪರ್ಮ್ಯಾಂಗನೇಟ್ ಅದನ್ನು ಉತ್ಕರ್ಷಿಸಿದಾಗ ಒಂದು ಅಣುವಿಗೆ ಒಂದು. ಹಾಗಾಗಿ ಪರ್ಮ್ಯಾಂಗನೇಟನ್ನು ಹೆಚ್ಚಿಸುತ್ತ ಹೋದಂತೆ ಒಟ್ಟು ಅನಿಲ 36 ದಾಟಿ ಮೇಲಕ್ಕೆ ಹೋಗುತ್ತದೆ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಬಣ್ಣ ಉಳಿಯುವಷ್ಟು ಪರ್ಮ್ಯಾಂಗನೇಟ್ ಹಾಕಿದರೆ 72ರ ಹತ್ತಿರ ಬರುತ್ತದೆ, ಸರಿಯಾಗಿ ಎರಡು ಪಟ್ಟು. (ಆಮ್ಲ ಸಾರರಿಕ್ತವೇ ಆಗಿರಬೇಕು. ಪರ್ಮ್ಯಾಂಗನೇಟ್ ಹರಳಿನ ಹತ್ತಿರ ಸಾರೀಕೃತ, ಅಂದರೆ ಗಟ್ಟಿಯಾದ, ಸಲ್ಫ್ಯೂರಿಕ್ ಆಮ್ಲ ಸುಳಿಯಲೂ ಕೂಡದು, ಸಿಡಿಯುತ್ತದೆ.) ಕೊಟ್ಟ ಪುಡಿ ಕ್ರಿಯೆಯಲ್ಲಿ ಖರ್ಚಾಗುವ ಕ್ರಿಯಾಕಾರಿಯೋ ವೇಗವರ್ಧಕವೋ ಎಂದು ಬೇರ್ಪಡಿಸಲು ಇದಕ್ಕಿಂತ ಸರಳವಾದ, ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಶಾಲೆಯ ಮಟ್ಟದಲ್ಲಿ ನನಗೆ ತಿಳಿದಂತೆ ಇಲ್ಲ. ಬೇಕಾಗುವುದು ಒಂದು ಅಳತೆ ಜಾಡಿ ಮತ್ತು ತಾಳ್ಮೆ.

ಗಾಜು ತೊಳೆದವಳು ಹೇಳಲೇಬೇಕಾದ ಸಂಗತಿ ಇನ್ನೊಂದಿದೆ. ಪರ್ಮ್ಯಾಂಗನೇಟ್ ತುಂಬಿಟ್ಟ ಬ್ಯುರೆಟ್ಟುಗಳಿಗೆ (ದ್ರಾವಣವನ್ನು ಅಳೆದು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆಗಳಿಗೆ) ಕಂದು ಕಲೆ ಹಿಡಿಯುತ್ತದೆ, ಬ್ರಷ್ ಹಾಕಿ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಆ ಕಲೆ ಮ್ಯಾಂಗನೀಸ್ ಡೈಆಕ್ಸೈಡಿನದು. ಅದನ್ನು ತೆಗೆಯಲು ನಾವು ಬಳಸುತ್ತಿದ್ದದ್ದು ಸ್ವಲ್ಪ ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡನ್ನೇ. ಸುರಿದ ಕೂಡಲೇ ಬುಸ್ಸೆಂದು ಕಲೆ ಕರಗಿ ಗಾಜು ನಿಚ್ಚಳವಾಗುತ್ತದೆ. ನೋಡಿದಿರಾ? ಪಠ್ಯಪುಸ್ತಕದಲ್ಲಿ ವೇಗವರ್ಧಕಕ್ಕೆ ಮೊದಲ ಉದಾಹರಣೆಯಾಗಿ ಕೂತಿರುವ ಅದೇ ಮ್ಯಾಂಗನೀಸ್ ಡೈಆಕ್ಸೈಡ್, ಆಮ್ಲದ ಸಹವಾಸದಲ್ಲಿ ಅದೇ ಪೆರಾಕ್ಸೈಡಿನ ಎದುರು ವೇಗವರ್ಧಕವಾಗಿ ಉಳಿಯುವುದಿಲ್ಲ. ಕರಗಿ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಮ್ಯಾಂಗನೀಸ್ ಲವಣವಾಗಿ ಮೋರಿ ಸೇರುತ್ತದೆ. ನೊರೆ ಎರಡು ಕಡೆಯೂ ಒಂದೇ ಥರ. ಕಪ್ಪು ಪುಡಿ ಉಳಿಯಿತೋ ಇಲ್ಲವೋ ಎಂದು ತಳ ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ‘ಮ್ಯಾಂಗನೀಸ್ ಡೈಆಕ್ಸೈಡ್ ಒಂದು ವೇಗವರ್ಧಕ’ ಎಂದು ಬರೆಸಿ ಪೂರ್ಣವಿರಾಮ ಇಡುವುದು ನನಗೆ ಒಪ್ಪಿಗೆಯಿಲ್ಲ. ಯಾವ ಕ್ರಿಯೆಗೆ, ಯಾವ ಪರಿಸ್ಥಿತಿಯಲ್ಲಿ ಎಂಬುದನ್ನೂ ಬರೆಸಬೇಕು. ವೇಗವರ್ಧಕ ಎನ್ನುವುದು ವಸ್ತುವಿನ ಜಾತಿಯಲ್ಲ, ಅದು ಆ ಹೊತ್ತಿಗೆ ಮಾಡುತ್ತಿರುವ ಕೆಲಸ.

ಉಳಿದ ಪುಡಿಯನ್ನು ತೂಗುವ ವಿಷಯಕ್ಕೆ ಬಂದರೆ, ಪುಸ್ತಕಗಳು ಇದನ್ನು ಬಹಳ ಸಲೀಸಾಗಿ ಹೇಳಿಬಿಡುತ್ತವೆ. ಸೋಸಿ, ತೊಳೆದು, ಒಣಗಿಸಿ ತೂಗಿರಿ. ತೂಕ ಅಷ್ಟೇ ಇರುತ್ತದೆ. ಇರುವುದಿಲ್ಲ. ಸೋಸುಕಾಗದದ ಎಳೆಗಳಲ್ಲಿ ಒಂದಿಷ್ಟು ಸಿಕ್ಕಿಕೊಳ್ಳುತ್ತದೆ, ಫ್ಲಾಸ್ಕಿನ ಗೋಡೆಗೆ ಒಂದಿಷ್ಟು ಅಂಟುತ್ತದೆ, ಒದ್ದೆ ಪೂರ್ತಿ ಆರಿರದಿದ್ದರೆ ತೂಕ ಹೆಚ್ಚೇ ಬರುತ್ತದೆ. ಕಾಗದವನ್ನು ಮೊದಲೇ ಒಣಗಿಸಿ ತೂಗಿಟ್ಟುಕೊಂಡು, ಪುಡಿಯ ಸಮೇತ ಅದನ್ನು 105 ಡಿಗ್ರಿ ಸುಮಾರಿನಲ್ಲಿ ಒಣಗಿಸಿ, ಎರಡು ಸಲ ತೂಗಿದಾಗಲೂ ಒಂದೇ ಅಂಕಿ ಬರುವವರೆಗೆ ಮತ್ತೆ ಮತ್ತೆ ತೂಗಬೇಕು. ಅದಕ್ಕೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ 0.2 ಗ್ರಾಂ ಪುಡಿ ತೂಗಿ ‘ತೂಕ ಬದಲಾಗಲಿಲ್ಲ’ ಎಂದು ಬರೆಸುವುದು ಮಕ್ಕಳಿಗೆ ವಿಜ್ಞಾನ ಕಲಿಸಿದಂತಲ್ಲ, ಉತ್ತರ ಬಾಯಿಪಾಠ ಮಾಡಿಸಿದಂತೆ. ಅಂಥ ತಕ್ಕಡಿ ಇಲ್ಲದ ಕಡೆ ತೂಕದ ಗೊಡವೆ ಬಿಟ್ಟುಬಿಡಲಿ. ಅದರ ಬದಲು ಮೇಲಿನ ನೀರನ್ನು ಬಸಿದು, ಅದೇ ಪುಡಿಗೆ ಹೊಸ ಪೆರಾಕ್ಸೈಡ್ ಹಾಕಲಿ. ಗೆರೆ ಮತ್ತೆ ಹಾಗೆಯೇ ಏರಿದರೆ, ಇನ್ನೊಮ್ಮೆ ಬಸಿದು ಹಾಕಿದಾಗಲೂ ಏರಿದರೆ, ಪುಡಿ ಖರ್ಚಾಗಿಲ್ಲ ಎನ್ನಲು ತಕ್ಕಡಿಗಿಂತ ಗಟ್ಟಿ ಸಾಕ್ಷಿ ಅದೇ. ತೂಕ ಸರಿಯಿದ್ದೂ ವಸ್ತು ಬೇರೆಯಾಗಿರಬಹುದು. ಮತ್ತೆ ಮತ್ತೆ ಅದೇ ಕೆಲಸ ಮಾಡುವ ಪುಡಿಯ ಮೇಲೆ ಆ ಅನುಮಾನ ಬಹಳಷ್ಟು ಕಡಿಮೆ.

ಬಸಿದ ನೀರನ್ನೂ ಚೆಲ್ಲಬೇಡಿ. ಅದನ್ನು ಚೆನ್ನಾಗಿ ಸೋಸಿ ಹೊಸ ಪೆರಾಕ್ಸೈಡಿಗೆ ಸೇರಿಸಿ ನೋಡಿ. ಗುಳ್ಳೆ ಬಂದರೆ ಪುಡಿಯಿಂದ ಏನೋ ನೀರಿಗೆ ಕರಗಿ ಬಂದಿದೆ, ನಿಜವಾದ ಕೆಲಸಗಾರ ಅದಿರಬಹುದು. ಸಂಶೋಧನಾಲಯಗಳಲ್ಲಿ ಘನ ವೇಗವರ್ಧಕಗಳನ್ನು ಪರೀಕ್ಷಿಸುವವರೂ ಈ ಬಗೆಯ ಸೋಸುವ ಪರೀಕ್ಷೆ ಮಾಡುತ್ತಾರೆ. ಶಾಲೆಯಲ್ಲಿ ಮಾಡಿದರೆ ಹೆಚ್ಚು ಹಿಡಿಯುವುದು ಐದು ನಿಮಿಷ.

ಕರಗುವ ವಸ್ತುಗಳಾದರೆ ಬೇರೆ ಜಾಣತನ ಬೇಕು. ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಪೆರಾಕ್ಸೈಡ್ ಚುರುಕಾಗಿ ಒಡೆಯುತ್ತದೆ. ಕೆಲಸ ಮಾಡಿದ್ದು ಪೊಟ್ಯಾಸಿಯಮ್ಮೋ ಅಯೋಡೈಡೋ? ಮಕ್ಕಳಿಗೆ ಉತ್ತರ ಹೇಳಬೇಡಿ, ಇನ್ನೆರಡು ಬಾಟಲಿ ಕೊಡಿ: ಪೊಟ್ಯಾಸಿಯಂ ನೈಟ್ರೇಟ್, ಸೋಡಿಯಂ ಅಯೋಡೈಡ್. ಮೊದಲನೆಯದು ಸುಮ್ಮನಿರುತ್ತದೆ, ಎರಡನೆಯದು ಗುಳ್ಳೆ ಎಬ್ಬಿಸುತ್ತದೆ. ಉತ್ತರ ಅವರ ಬಾಯಿಂದಲೇ ಬರುತ್ತದೆ. ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿಗೂ ಇದೇ ಉಪಾಯ ನಡೆಯುತ್ತದೆ. ಪಕ್ಕದಲ್ಲಿ ಸೋಡಿಯಂ ಕ್ಲೋರೈಡ್ ಇಟ್ಟರೆ ಕ್ಲೋರೈಡಿನ ಮೇಲಿನ ಗುಮಾನಿ ತೀರುತ್ತದೆ. ‘ಪತ್ತೆ ಹಚ್ಚಿ’ ಎಂಬ ಶೀರ್ಷಿಕೆ ಕೊಟ್ಟ ಮೇಲೆ ಪತ್ತೇದಾರಿ ಇಷ್ಟಾದರೂ ಬೇಡವೇ?

ನಿಮ್ಮ ಪುಟದ ಅಡಿಯಲ್ಲಿ ಚೌಕಟ್ಟು ಕಟ್ಟಿ ಹಾಕಿರುವ ಒಂದು ವಾಕ್ಯಕ್ಕೂ ನನ್ನ ಆಕ್ಷೇಪವಿದೆ: ‘ವೇಗವರ್ಧಕವು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ.’ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲೂ ಇದು ಸಲೀಸಾಗಿ ಓಡಾಡುತ್ತಿರುತ್ತದೆ. ಭಾಗವಹಿಸದೆ ಅದು ವೇಗ ಹೆಚ್ಚಿಸುವುದಾದರೂ ಹೇಗೆ? ಅಯೋಡೈಡ್ ಅಯಾನು ಒಂದು ಪೆರಾಕ್ಸೈಡ್ ಅಣುವಿನಿಂದ ಆಕ್ಸಿಜನ್ ಪರಮಾಣುವೊಂದನ್ನು ಪಡೆದು ಹೈಪೊಅಯೋಡೈಟ್ ಆಗುತ್ತದೆ, ಅದು ಇನ್ನೊಂದು ಪೆರಾಕ್ಸೈಡಿನೊಡನೆ ವರ್ತಿಸಿ ಆಕ್ಸಿಜನ್ ಅನಿಲ ಬಿಟ್ಟು ಮತ್ತೆ ಅಯೋಡೈಡ್ ಆಗುತ್ತದೆ. ಹೊಸ ದಾರಿ ತೆರೆದದ್ದರಿಂದ ದಾಟಬೇಕಾದ ಶಕ್ತಿಯ ತಡೆ ಮೋಲಿಗೆ ಸುಮಾರು 75 ಕಿಲೋಜೂಲಿನಿಂದ 56ರ ಆಸುಪಾಸಿಗೆ ಇಳಿಯುತ್ತದೆ. ಭಾಗವಹಿಸಿ, ಕೊನೆಗೆ ಮೊದಲಿನಂತಾಗುವುದು ಬೇರೆ. ಭಾಗವಹಿಸದೇ ಇರುವುದು ಬೇರೆ.

ಇದನ್ನು ಕಣ್ಣಾರೆ ತೋರಿಸುವ ಪ್ರಯೋಗವೂ ಇದೆ, ನಾನು ಜೋಡಿಸಿಕೊಟ್ಟವುಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು. ರೋಶೆಲ್ ಲವಣದ (ಪೊಟ್ಯಾಸಿಯಂ ಸೋಡಿಯಂ ಟಾರ್ಟರೇಟ್) ದ್ರಾವಣಕ್ಕೆ ಪೆರಾಕ್ಸೈಡ್ ಸೇರಿಸಿ 70 ಡಿಗ್ರಿಯ ಹತ್ತಿರಕ್ಕೆ ಬಿಸಿ ಮಾಡಿದರೂ ಗುಳ್ಳೆ ಬರುವುದು ಅಲ್ಲೊಂದು ಇಲ್ಲೊಂದು. ಒಂದಿಷ್ಟು ಕೋಬಾಲ್ಟ್ ಕ್ಲೋರೈಡ್ ದ್ರಾವಣ ಹಾಕಿ. ಮೊದಲು ಎಲ್ಲ ಗುಲಾಬಿ. ನೋಡುತ್ತಿದ್ದಂತೆ ಹಸಿರಿಗೆ ತಿರುಗಿ ಭೋರೆಂದು ಉಕ್ಕುತ್ತದೆ. ಉಕ್ಕು ಇಳಿಯುತ್ತ ಬಂದಂತೆ ಹಸಿರು ಮಾಸಿ ಮತ್ತೆ ಅದೇ ಗುಲಾಬಿ. ಹಸಿರಾಗಿದ್ದ ಆ ಹೊತ್ತಿನಲ್ಲಿ ಕೋಬಾಲ್ಟ್ ಏನು ಮಾಡುತ್ತಿತ್ತು ಎಂದು ಕೇಳಿದರೆ, ಕೊನೆಯ ಬೆಂಚಿನ ಹುಡುಗನೂ ‘ಭಾಗವಹಿಸುತ್ತಿತ್ತು’ ಎನ್ನುತ್ತಾನೆ. ಹಸಿರು ಇರುವಾಗಲೇ ಸ್ವಲ್ಪ ದ್ರವವನ್ನು ಮಂಜುಗಡ್ಡೆಯಲ್ಲಿಟ್ಟ ಪ್ರನಾಳಕ್ಕೆ ತೆಗೆದಿಟ್ಟರೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಧಾನವಾಗಿ ನೋಡಲು ಅನುಕೂಲ. ಕೋಬಾಲ್ಟ್ ಲವಣ ವಿಷಕಾರಿ. ಕೈಗವಸು, ಕನ್ನಡಕ ಧರಿಸಿ ಶಿಕ್ಷಕರೇ ಮಾಡಿ ತೋರಿಸಲಿ. ಬೀಕರು ದೊಡ್ಡದಿರಲಿ, ಕೆಳಗೊಂದು ತಟ್ಟೆ ಇರಲಿ. ಬೆಂಚು ಒರೆಸುವವರ ಪರವಾಗಿ ಇದು ನನ್ನ ವಿಶೇಷ ಮನವಿ.

ಎಚ್ಚರಿಕೆಯ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಮಕ್ಕಳ ಕೈಗೆ 3 ಶೇಕಡಾಕ್ಕಿಂತ ಗಟ್ಟಿಯಾದ ಪೆರಾಕ್ಸೈಡ್ ಹೋಗಬಾರದು; 30 ಶೇಕಡಾದ್ದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅನಿಲಕ್ಕೆ ಹೊರದಾರಿ ಇಲ್ಲದಂತೆ ಯಾವ ಪಾತ್ರೆಯ ಬಾಯನ್ನೂ ಮುಚ್ಚಕೂಡದು. ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿ ಕಾಯಿಸುವ ಹಳೆಯ ಪ್ರಯೋಗವನ್ನು ‘ಇದನ್ನೂ ಮಾಡಿ ನೋಡಿ’ ಎಂದು ಸೂಚಿಸಿದ್ದೀರಿ. ದಯವಿಟ್ಟು ಬೇಡ. ಕಪ್ಪು ಪುಡಿಗಳೆಲ್ಲ ನೋಡಲು ಒಂದೇ ಥರ. ಬಾಟಲಿ ಅದಲುಬದಲಾಗಿ ಇದ್ದಿಲ ಪುಡಿ ಕ್ಲೋರೇಟಿಗೆ ಸೇರಿದರೆ ಅದು ಪ್ರಯೋಗವಲ್ಲ, ಸ್ಫೋಟ.

ಮುಂದಿನ ವಾರ ಪರಿಷ್ಕೃತ ಪ್ರಯೋಗ ಅಚ್ಚು ಹಾಕುವುದಾದರೆ ಕೋಷ್ಟಕದಲ್ಲಿ ‘ನೊರೆ ಬಂತು / ಬರಲಿಲ್ಲ’ ಎಂಬ ಒಂದೇ ಕಲಂ ಬಿಟ್ಟು, ಒಟ್ಟು ಅನಿಲ ಎಷ್ಟು, ಪುಡಿ ದುಪ್ಪಟ್ಟಾದಾಗ ಎಷ್ಟು, ಎರಡನೆಯ ಸಲ ಹೊಸ ಪೆರಾಕ್ಸೈಡ್ ಹಾಕಿದಾಗ ಎಷ್ಟು ಎಂಬುದಕ್ಕೂ ಜಾಗ ಬಿಡಿ. ಚಿತ್ರವನ್ನೂ ಒಮ್ಮೆ ನೋಡಿಕೊಳ್ಳಿ. ಕಲಾವಿದರು ಹೊರಕೊಳವೆಯ ತುದಿಯನ್ನು ಪೆರಾಕ್ಸೈಡಿನೊಳಗೆ ಮುಳುಗಿಸಿ ಬರೆದಿದ್ದಾರೆ. ಹಾಗೆ ಜೋಡಿಸಿದರೆ ಜಾಡಿಗೆ ಬರುವುದು ಅನಿಲವಲ್ಲ, ಫ್ಲಾಸ್ಕಿನಲ್ಲಿರುವ ದ್ರವ. ಕೊಳವೆ ಬಿರಡೆಯಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಇಳಿದಿದ್ದರೆ ಸಾಕು.

ಇಂತಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ